ಕಾರಿನ ಸಾಮಾನು, ಬೋಟಿನ ಸಾಮಾನು

ಹಳೆಯ ಫೈಬರ್ ಬೋಟೊಂದರ ವೈರಿಂಗ್ ಪೂರ್ತಿ ಬದಲಿಸಬೇಕು ಅಂತ ತೀರ್ಮಾನವಾದಾಗ ಮೊದಲು ಶುರುವಾಗಿದ್ದು ಕೆಲಸವಲ್ಲ, ವಾದ. ನನ್ನ ಗೆಳೆಯ ಕಾರು, ಲಾರಿಗಳ ಎಲೆಕ್ಟ್ರಿಷಿಯನ್. ಕೈಕೆಲಸ ಬಹಳ ಚೊಕ್ಕ. ನನಗೆ ಸಹಾಯ ಮಾಡಲು ತನ್ನ ಡಬ್ಬದ ಸಮೇತ ಬಂದಿದ್ದ. ನಾನು ತರಿಸಿಟ್ಟಿದ್ದ ಮರೀನ್, ಅಂದರೆ ಬೋಟಿಗೆಂದೇ ಮಾಡಿದ, ಸಾಮಾನಿನ ಬಿಲ್ಲು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ.

"ಅಲ್ಲೂ ಹನ್ನೆರಡು ವೋಲ್ಟು, ಇಲ್ಲೂ ಹನ್ನೆರಡು ವೋಲ್ಟು. ಮರೀನ್ ಅಂತ ಒಂದು ಚೀಟಿ ಅಂಟಿಸಿದ್ದಕ್ಕೆ ಇಷ್ಟು ದುಡ್ಡು ಕೊಟ್ಟೆಯಾ?"

ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಬೋಟಿನೊಳಗೆ ಕೂರಿಸುವ ಪೆಟ್ರೋಲ್ ಎಂಜಿನ್‌ಗಳಲ್ಲಿ ಎಷ್ಟೋ ಕಾರು, ಟ್ರಕ್ಕುಗಳಿಗೆ ಮಾಡಿದ ಬ್ಲಾಕನ್ನೇ ನೀರಿಗೆ ಹೊಂದಿಸಿದಂಥವು. ನಮ್ಮದೂ ಅಂಥದ್ದೇ. ಎಂಜಿನ್ನೇ ಕಾರಿನದಾದರೆ ಸ್ವಿಚ್ಚು, ವೈರು ಯಾಕೆ ಆಗಬಾರದು? ನನಗೂ ಹಟವಿರಲಿಲ್ಲ. ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡೋಣ, ಕಾರಣ ಹೇಳಲಾಗದಿದ್ದರೆ ನಿನ್ನದನ್ನೇ ಹಾಕೋಣ ಅಂತ ಮಾತಾಯಿತು.

ಹಳೆಯ ವೈರು ಬಿಚ್ಚುವುದರಿಂದ ಶುರು ಮಾಡಿದೆವು. ಬೋಟಿನ ತಳದಲ್ಲಿ ಸೇರುವ ನೀರನ್ನು ಹೊರಗೆ ಹಾಕುವ ಬಿಲ್ಜ್ ಪಂಪು ಕೆಲವು ಕಾಲದಿಂದ ಸುಸ್ತಾದ ಹಾಗೆ ಓಡುತ್ತಿತ್ತು. ಬ್ಯಾಟರಿಯಲ್ಲಿ ಅಳೆದರೆ 12.6 ವೋಲ್ಟು. ಪಂಪು ಓಡುವಾಗ ಅದರ ಬುಡದಲ್ಲೇ ಅಳೆದರೆ 10.2. ಎರಡು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಮಾಯ. ಹೊರಗಿನಿಂದ ನೋಡಿದರೆ ವೈರಿಗೆ ಏನೂ ಆಗಿರಲಿಲ್ಲ. ಗೆಳೆಯ ಲಗ್ಗಿನ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಹತ್ತಿರ ಸ್ವಲ್ಪ ಸುಲಿದ. ತಾಮ್ರ ಕಪ್ಪಾಗಿತ್ತು. ಇನ್ನೊಂದು ಗೇಣು ಸುಲಿದ. ಅಲ್ಲೂ ಕಪ್ಪು, ನಡುನಡುವೆ ಹಸಿರು ಕಿಲುಬು. ಅವನ ನಗು ನಿಂತಿತು. ಕಾರಿನಲ್ಲಿ ಲಗ್ಗಿನ ಬುಡ ಕತ್ತರಿಸಿ ಹೊಸ ಲಗ್ ಹಾಕಿದರೆ ಕೆಲಸ ಮುಗಿಯುತ್ತದೆ. ಇಲ್ಲಿ ಎಲ್ಲಿಯವರೆಗೆ ಕತ್ತರಿಸುವುದು?

ಉಪ್ಪುನೀರಿನ ಬುದ್ಧಿಯೇ ಹಾಗೆ. ಲಗ್ಗಿನ ಬಾಯಿಯಿಂದ ಒಳಗೆ ಸೇರಿದ ತೇವವನ್ನು ವೈರಿನ ಎಳೆಗಳು ಬತ್ತಿ ಎಣ್ಣೆ ಎಳೆದ ಹಾಗೆ ಎಳೆದುಕೊಳ್ಳುತ್ತವೆ. ಒಮ್ಮೆ ಉಪ್ಪು ಒಳಗೆ ಹೋದರೆ ಅದು ಒಣಗುವುದೂ ಕಷ್ಟ. ಗಾಳಿಯಲ್ಲಿರುವ ತೇವವನ್ನೇ ಉಪ್ಪು ಹೀರಿಕೊಳ್ಳುತ್ತದಲ್ಲ. ಬೋಟು ದಡದಲ್ಲಿ ಸುಮ್ನೆ ನಿಂತಿದ್ದರೂ ಒಳಗೆ ತಾಮ್ರ ತಿನ್ನುವ ಕೆಲಸ ನಡೆಯುತ್ತಲೇ ಇರುತ್ತದೆ.

ಕಾರಿನ ವೈರಿನಲ್ಲಿ ಇರುವುದು ಬರಿ ತಾಮ್ರ. ಬೋಟಿಗೆಂದು ಮಾಡಿದ ಒಳ್ಳೆಯ ವೈರಿನಲ್ಲಿ ಒಂದೊಂದು ಎಳೆಗೂ ತವರ ಬಳಿದಿರುತ್ತದೆ. ತವರ ಇದ್ದರೆ ವೈರು ಅಮರ ಅಂತಲ್ಲ. ಆದರೆ ಕಿಲುಬು ಹಿಡಿಯುವುದು ಬಹಳ ನಿಧಾನ. ನಾನು ಹೊಸ ವೈರಿನ ತುದಿ ಸುಲಿದು ತೋರಿಸಿದಾಗ ಗೆಳೆಯ ಕಣ್ಣು ಕಿರಿದು ಮಾಡಿ ನೋಡಿದ. "ಬೆಳ್ಳಗಿದೆ. ಅಲ್ಯೂಮಿನಿಯಂ ಅಲ್ವಾ ಇದು?" ಅನುಮಾನ ಬರಬೇಕಾದ್ದೇ. ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿ ತಾಮ್ರದ ವೈರು ಅಂತ ಮಾರುವವರೂ ಇದ್ದಾರೆ. ಚಾಕುವಿನ ಅಂಚಿನಿಂದ ಒಂದು ಎಳೆಯನ್ನು ಅವನೇ ಕೆರೆದ. ಬಿಳಿಯ ಕೆಳಗೆ ಕೆಂಪು ಕಂಡಿತು. ಕಳ್ಳ ವೈರಿನಲ್ಲಿ ಇದು ಉಲ್ಟಾ, ಮೇಲೆ ಕೆಂಪು, ಒಳಗೆ ಬಿಳಿ.

ದಪ್ಪದಲ್ಲೂ ಒಂದು ಒಳಗುಟ್ಟಿದೆ. ಅಮೆರಿಕದ ಗೇಜ್ (ದಪ್ಪದ ನಂಬರು) ಲೆಕ್ಕದಲ್ಲಿ ಮಾರುವ ವೈರುಗಳಲ್ಲಿ ಕಾರಿನ ಎಸ್‌ಎಇ ಗೇಜ್ ಬೇರೆ, ಬೋಟಿನವರು ಬಳಸುವ ಎಡಬ್ಲ್ಯುಜಿ ಗೇಜ್ ಬೇರೆ. ನಂಬರು ಒಂದೇ ಇದ್ದರೂ ಕಾರಿನ ವೈರಿನಲ್ಲಿ ತಾಮ್ರ 6ರಿಂದ 12 ಶೇಕಡಾ ಕಡಿಮೆ. ಉದ್ದದ ಓಟಕ್ಕೆ ಇದು ಲೆಕ್ಕಕ್ಕೆ ಬರುತ್ತದೆ. ಇನ್ನೊಂದು, ಯುಎಲ್ 1426 ಅನ್ನುವ ಸುರಕ್ಷತಾ ಮಾನದಂಡದ ಗುರುತಿರುವ ಬೋಟಿನ ಕೇಬಲ್ಲಿನ ಹೊದಿಕೆ ಒಣ ಜಾಗದಲ್ಲಿ 105 ಡಿಗ್ರಿ, ಒದ್ದೆ ಜಾಗದಲ್ಲಿ 75 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುವಂಥದ್ದು. ಎಣ್ಣೆಗೂ ಅದು ಬೇಗ ಕೆಡುವುದಿಲ್ಲ.

ಪಂಪಿನ ವೈರು ಎಷ್ಟು ದಪ್ಪ ಬೇಕು ಅಂತ ಅಲ್ಲೇ ಕೂತು ಲೆಕ್ಕ ಹಾಕಿದೆವು. ಪಂಪು ಎಳೆಯುವುದು 5 ಆಂಪಿಯರ್. ದೂರ 6 ಮೀಟರ್. ಹೋಗಿ ಬರುವ ದಾರಿ ಸೇರಿಸಿದರೆ 12 ಮೀಟರ್. 2.5 ಚದರ ಮಿಲಿಮೀಟರ್ ವೈರು ಹಾಕಿದರೆ ಸುಮಾರು 0.4 ವೋಲ್ಟು ದಾರಿಯಲ್ಲಿ ಹೋಗುತ್ತದೆ. 4 ಚದರ ಮಿಲಿಮೀಟರ್ ಹಾಕಿದರೆ ಸುಮಾರು 0.3 ವೋಲ್ಟು. ಬೋಟುಗಳಿಗೆ ಮಾನದಂಡ ಬರೆಯುವ ಅಮೆರಿಕದ ಎಬಿವೈಸಿ ಸಂಸ್ಥೆಯ ನಿಯಮದಲ್ಲಿ ನ್ಯಾವಿಗೇಷನ್ ದೀಪ, ತಳದ ಆವಿಯನ್ನು ಹೊರಗೆ ತಳ್ಳುವ ಬ್ಲೋವರ್‌ನಂಥ ಜೀವಕ್ಕೆ ಸಂಬಂಧಿಸಿದ ಲೈನುಗಳಲ್ಲಿ ಶೇಕಡಾ 3ಕ್ಕಿಂತ ಜಾಸ್ತಿ ವೋಲ್ಟೇಜ್ ಇಳಿಯಬಾರದು. ಅಂದರೆ 12 ವೋಲ್ಟಿಗೆ 0.36. ಉಳಿದವಕ್ಕೆ ಶೇಕಡಾ 10ರವರೆಗೆ ನಡೆಯುತ್ತದೆ. ಬಿಲ್ಜ್ ಪಂಪನ್ನು ನಾನಂತೂ ಮೊದಲ ಗುಂಪಿಗೇ ಸೇರಿಸುತ್ತೇನೆ. ನೀರು ಒಳಗೆ ಬರುವಾಗ ಪಂಪು ಅರ್ಧ ಜೀವದಲ್ಲಿ ಓಡಿದರೆ ಏನು ಪ್ರಯೋಜನ? 4 ಚದರದ್ದೇ ಹಾಕಿದೆವು.

ಪ್ಯಾನೆಲ್ಲಿನ ಹತ್ತಿರ ಬಂದಾಗ ಗೆಳೆಯನ ಹಳೆಯ ಅಭ್ಯಾಸ ತಲೆ ಎತ್ತಿತು. ದೀಪಕ್ಕೆ ಒಂದೇ ವೈರು ಎಳೆದು, "ಅರ್ಥ್ ಇಲ್ಲೇ ಎಂಜಿನ್ನಿನ ಮೈಗೆ ಕೊಟ್ಟುಬಿಡ್ತೀನಿ" ಅಂದ. ಕಾರಿನಲ್ಲಿ ಅದೇ ಸರಿ. ತಗಡಿನ ಬಾಡಿಯೇ ವಾಪಸು ಬರುವ ದಾರಿ. ಬೋಟಿನಲ್ಲಿ, ಅದು ಲೋಹದ್ದೇ ಆಗಿದ್ದರೂ, ಎರಡು ವೈರು ಬೇಕೇ ಬೇಕು. ಎಂಜಿನ್ನಿಗೆ ಶಾಫ್ಟ್ ಸೇರಿದೆ, ಶಾಫ್ಟಿಗೆ ಪ್ರೊಪೆಲ್ಲರ್ ಸೇರಿದೆ, ಪ್ರೊಪೆಲ್ಲರ್ ಉಪ್ಪುನೀರಿನಲ್ಲಿದೆ. ದಾರಿ ತಪ್ಪಿದ ಕರೆಂಟು ನೀರಿನ ಮೂಲಕ ಹರಿಯಲು ಶುರುವಾದರೆ ಲೋಹ ಕರಗುವುದು ವರ್ಷಗಟ್ಟಲೆ ನಡೆಯುವ ಕೆಲಸವಲ್ಲ, ಕೆಲವು ದಿನಗಳ ಕೆಲಸ. ಇದನ್ನು ಅವನು ಕೂಡಲೇ ಒಪ್ಪಿದ. ನೆಗೆಟಿವ್‌ಗೆ ಹಳದಿ ವೈರು ಯಾಕೆ ಅಂತ ಮಾತ್ರ ಕೇಳಿದ. ಅಮೆರಿಕದ ಎಸಿ ವೈರಿಂಗಿನಲ್ಲಿ ಕಪ್ಪು ಅಂದರೆ ಮುಟ್ಟಬಾರದ ಲೈವ್ ವೈರು. ಡಿಸಿ ನೆಗೆಟಿವ್ ಕೂಡ ಕಪ್ಪಾಗಿದ್ದು, ಎರಡೂ ಒಂದೇ ಬೋಟಿನಲ್ಲಿದ್ದರೆ ಕೈ ತಪ್ಪುತ್ತದೆ. ಅದಕ್ಕೇ ಹಳದಿ.

ಆಮೇಲೆ ಬಂತು ಆಲ್ಟರ್ನೇಟರ್, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ನಿಜವಾದ ಜಟಾಪಟಿ ಇಲ್ಲೇ ಆಗಿದ್ದು.

ಹಳೆಯದರ ಬೇರಿಂಗ್ ಸದ್ದು ಮಾಡುತ್ತಿತ್ತು. ಗೆಳೆಯ ತನ್ನ ಡಬ್ಬದಿಂದ ಕಾರಿನದೊಂದನ್ನು ತೆಗೆದ. ಅದೇ ಆಕಾರ, ಅದೇ ಬೋಲ್ಟ್ ತೂತು, ಅದೇ ಪುಲ್ಲಿ. ಹಿಡಿದು ನೋಡಿದರೆ ಸರಿಯಾಗಿ ಕೂರುತ್ತದೆ. ಅವನ ಮುಖದಲ್ಲಿ ಗೆದ್ದ ಕಳೆ. ನಾನು ಬೇಡ ಅಂದೆ. ಈ ಒಂದು ವಿಷಯದಲ್ಲಿ ಮಾತುಕತೆ ಇಲ್ಲ ಅಂತಲೂ ಅಂದೆ.

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಪೆಟ್ರೋಲ್ ಸ್ವಲ್ಪ ತೊಟ್ಟಿಕ್ಕಿದರೆ ಆವಿ ಕೆಳಗೆ ಇಳಿದು ರಸ್ತೆಯ ಗಾಳಿಗೆ ಹೋಗುತ್ತದೆ. ಬೋಟಿನ ತಳ ಮುಚ್ಚಿದ್ದು. ಇಳಿದ ಆವಿ ಅಲ್ಲೇ ಕೂರುತ್ತದೆ. ಎಂಜಿನ್ ಕೂಡ ಅಲ್ಲೇ ಇರುತ್ತದೆ, ಬ್ರಷ್ಷುಗಳಿಂದ ಕಿಡಿ ಹಾರಿಸುವ ಸ್ಟಾರ್ಟರ್, ಆಲ್ಟರ್ನೇಟರ್ ಕೂಡ ಅಲ್ಲೇ. ಮರೀನ್ ಆಲ್ಟರ್ನೇಟರ್ ಒಳಗಡೆ ಬಹುಪಾಲು ಕಾರಿನದೇ. ವ್ಯತ್ಯಾಸ ಏನೆಂದರೆ ಒಳಗೆ ಕಿಡಿ ಹಾರಿ ಆವಿ ಹೊತ್ತಿಕೊಂಡರೂ ಬೆಂಕಿ ಹೊರಗೆ ಬರದಂತೆ ಅದನ್ನು ಕಟ್ಟಿರುತ್ತಾರೆ. ಗಾಳಿಕಿಂಡಿಗಳಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಿರುವುದನ್ನು ಎಷ್ಟೋ ಮಾದರಿಗಳಲ್ಲಿ ಕಣ್ಣಾರೆ ನೋಡಬಹುದು. ಎಸ್‌ಎಇ ಜೆ 1171 ಅಥವಾ ಐಎಸ್‌ಒ 8846 ಅನ್ನುವ ಗುರುತು ಇದ್ದರೆ ಹೊತ್ತಿಕೊಳ್ಳುವ ಅನಿಲದ ನಡುವೆಯೇ ಇಟ್ಟು ಪರೀಕ್ಷೆ ಮಾಡಿದ್ದಾರೆ ಅಂತ ಅರ್ಥ. ಅಮೆರಿಕದಲ್ಲಿ ಒಳಗೆ ಪೆಟ್ರೋಲ್ ಎಂಜಿನ್ ಇರುವ ಬೋಟು ತಯಾರಿಸುವವರಿಗೆ ಇದು ಕಾನೂನು, ಸಲಹೆಯಲ್ಲ.

"ಬ್ಲೋವರ್ ಇದೆಯಲ್ಲ?" ಅಂದ. ಇದೆ. ಎಂಜಿನ್ ಚಾಲೂ ಮಾಡುವ ಮುಂಚೆ ಕನಿಷ್ಠ 4 ನಿಮಿಷ ಬ್ಲೋವರ್ ಓಡಿಸಿ ಅಂತ ಹೇಳುವುದೂ ಇದೇ ಆವಿಗೆ ಹೆದರಿ. ಆದರೆ ಬ್ಲೋವರ್ ಇದೆ ಅಂತ ಕಿಡಿಗೆ ದಾರಿ ಬಿಡಲಾಗುವುದಿಲ್ಲ. ಡೀಸೆಲ್ ಬೋಟಾಗಿದ್ದರೆ ಈ ಜಗಳದ ಮುಕ್ಕಾಲು ಭಾಗ ಇರುತ್ತಿರಲಿಲ್ಲ ಅನ್ನುವುದೂ ನಿಜ. ಆದರೆ ಅದೇ ಡೀಸೆಲ್ ಬೋಟಿನೊಳಗೆ ಪೆಟ್ರೋಲ್ ಡಬ್ಬವನ್ನೋ ಅಡುಗೆ ಗ್ಯಾಸನ್ನೋ ಇಟ್ಟರೆ ಕಥೆ ಮತ್ತೆ ಇಲ್ಲಿಗೇ ಬರುತ್ತದೆ. ಅದರ ಆವಿಯೂ ಕೆಳಗೇ ಇಳಿಯುವಂಥದ್ದು.

ಅವನ ಆಲ್ಟರ್ನೇಟರ್ ಡಬ್ಬಕ್ಕೆ ವಾಪಸು ಹೋಯಿತು. ಕಾರಿನ ಸರ್ಕ್ಯೂಟ್ ಬ್ರೇಕರ್ ಕೂಡ ಹಿಂದೆಯೇ ಹೋಯಿತು. ಅದು ತಣ್ಣಗಾದ ಮೇಲೆ ತಾನಾಗಿಯೇ ಮತ್ತೆ ಆನ್ ಆಗುವ ಜಾತಿ. ಕಾರಿನ ಹೆಡ್‌ಲೈಟಿಗೆ ಅದು ಒಳ್ಳೆಯದೇ, ಕತ್ತಲಲ್ಲಿ ದೀಪ ವಾಪಸು ಬರುತ್ತದೆ. ಪಂಪಿನ ರೆಕ್ಕೆಗೆ ಕಸ ಸಿಕ್ಕಿ ನಿಂತಾಗ ಅದು ಬಿಸಿಯಾಗಿ ಆಫ್, ತಣ್ಣಗಾಗಿ ಆನ್, ಮತ್ತೆ ಆಫ್ ಅಂತ ಯಾರೂ ನೋಡದ ಜಾಗದಲ್ಲಿ ಕಿಡಿ ಹಾರಿಸುತ್ತಾ ಕೂರುತ್ತದೆ. ಕೈಯಿಂದಲೇ ಒತ್ತಿ ಆನ್ ಮಾಡಬೇಕಾದ್ದು ಬೇಕು.

ಇಷ್ಟಾದ ಮೇಲೆ ಗೆಳೆಯನ ಸರದಿ. ನಾನು ತರಿಸಿದ್ದ ಟರ್ಮಿನಲ್ ಬ್ಲಾಕನ್ನು (ವೈರುಗಳನ್ನು ಸ್ಕ್ರೂ ಹಾಕಿ ಜೋಡಿಸುವ ಪಟ್ಟಿ) ತಿರುಗಿಸಿ ನೋಡಿದ. ಬಿಳಿ ಪ್ಲಾಸ್ಟಿಕ್ಕು, ಮೇಲೆ ಲಂಗರಿನ ಚಿತ್ರ, ದೊಡ್ಡ ಅಕ್ಷರದಲ್ಲಿ ಮರೀನ್ ಗ್ರೇಡ್. ಜೇಬಿನಿಂದ ಒಂದು ಮ್ಯಾಗ್ನೆಟ್ ತೆಗೆದು ಸ್ಕ್ರೂಗಳ ಮೇಲೆ ಇಟ್ಟ. ಗಪ್ಪನೆ ಹಿಡಿಯಿತು. ಕಬ್ಬಿಣಕ್ಕೆ ಹೊಳಪು ಕೊಟ್ಟ ಸ್ಕ್ರೂ! ಒಂದು ಮಳೆಗಾಲಕ್ಕೆ ತುಕ್ಕು. "ಇದಾ ನಿನ್ನ ಮರೀನು?" ಅಂತ ಕೇಳಿದ. ನನ್ನ ಹತ್ತಿರ ಉತ್ತರವಿರಲಿಲ್ಲ. ಮರೀನ್ ಗ್ರೇಡ್ ಅಂತ ಯಾರು ಬೇಕಾದರೂ ಅಚ್ಚು ಹಾಕಬಹುದು. ಜೆ 1171, ಯುಎಲ್ 1426, ನೀರು, ಧೂಳು ಒಳಹೋಗದ್ದಕ್ಕೆ ಐಪಿ 67 ಅಂತ ನಂಬರು ಬರೆದಿದ್ದರೆ ಹಿಡಿದು ಕೇಳಲು ಏನಾದರೂ ಇರುತ್ತದೆ. ಲಂಗರಿನ ಚಿತ್ರವನ್ನು ಹಿಡಿದು ಏನು ಕೇಳುವುದು?

ಅದರ ಬದಲಿಗೆ ಅವನು ತೆಗೆದದ್ದು ಟ್ರಕ್ಕುಗಳ ಎಂಜಿನ್ ವೈರಿಂಗಿನಲ್ಲಿ ಬಳಸುವ ಡಾಯ್ಚ್ ಡಿಟಿ ಕನೆಕ್ಟರ್. ವೈರುಗಳು ಒಳಗೆ ಹೋಗುವ ಕಡೆ ರಬ್ಬರ್ ಸೀಲು, ಕಿವಿಗೆ ಬೀಳುವಂತೆ ಟಕ್ ಅಂತ ಕೂರುವ ಲಾಕು. ಕೆಸರು, ನೀರು, ಅಲುಗಾಟ ಎಲ್ಲಕ್ಕೂ ಸಿದ್ಧವಾದ ಸಾಮಾನು. ಎಂಜಿನ್ ಹತ್ತಿರದ ಜೋಡಣೆಗಳಿಗೆಲ್ಲ ಅದನ್ನೇ ಹಾಕಿದೆವು. ಬ್ಲೇಡ್ ಫ್ಯೂಸುಗಳೂ ಅವನ ಡಬ್ಬದವೇ. ಫ್ಯೂಸಿಗೆ ಕಾರು, ಬೋಟು ಅಂತ ಭೇದವಿಲ್ಲ. ಕೆಳಗಡೆ ತೆರೆದಿರುವುದಕ್ಕಿಂತ ಪೂರ್ತಿ ಮುಚ್ಚಿದ್ದನ್ನು ಆರಿಸಿದರೆ ಸಾಕು. ಫ್ಯೂಸ್ ಎಲ್ಲಿರಬೇಕು ಅನ್ನುವುದು ಮಾತ್ರ ಮುಖ್ಯ. ಸಾಮಾನ್ಯ ನಿಯಮ ಕರೆಂಟಿನ ಮೂಲದಿಂದ 7 ಇಂಚಿನೊಳಗೆ. ಅದಕ್ಕೆ ಕೆಲವು ವಿನಾಯಿತಿಗಳಿವೆ.

ಬೆಸುಗೆ ವಿಷಯದಲ್ಲಿ ಅವನಿಗೆ ನಾನು ಹೇಳಬೇಕಾದ್ದೇ ಇರಲಿಲ್ಲ. ಬೆಸುಗೆ ಹಾಕಿದ ವೈರು ಗಟ್ಟಿಯಾಗಿ, ಬೆಸುಗೆ ಮುಗಿಯುವ ಅಂಚಿನಲ್ಲೇ ಅಲುಗಾಟಕ್ಕೆ ತುಂಡಾಗುವುದನ್ನು ಲಾರಿಗಳಲ್ಲಿ ಬೇಕಾದಷ್ಟು ನೋಡಿದ್ದಾನೆ. ಲಗ್ಗನ್ನು ವೈರಿಗೆ ಅದುಮುವ ರ‍್ಯಾಚೆಟ್ ಕ್ರಿಂಪರಿನಿಂದ ಒತ್ತಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ ಬಿಸಿ ಮಾಡಿದ. ಅಂಟು ಕರಗಿ ತುದಿಯಲ್ಲಿ ಸ್ವಲ್ಪ ಹೊರಗೆ ಬಂದರೆ ನೀರಿಗೆ ಬಾಗಿಲು ಮುಚ್ಚಿತು ಅಂತ ಲೆಕ್ಕ. ಎಬಿವೈಸಿ ಪ್ರಕಾರ 14 ಗೇಜ್ ವೈರಿನ ಜೋಡಣೆ 30 ಪೌಂಡ್, ಅಂದರೆ ಹದಿಮೂರೂವರೆ ಕಿಲೋ ಎಳೆತವನ್ನು ಒಂದು ನಿಮಿಷ ತಡೆಯಬೇಕು ಅಂತ ಹೇಳಿದೆ. ತನ್ನ ಟೂಲ್ ಬಾಕ್ಸನ್ನೇ ಅದಕ್ಕೆ ನೇತುಹಾಕಿ, ಕೈ ಕಟ್ಟಿಕೊಂಡು ನಿಂತ. ಬೀಳಲಿಲ್ಲ.

ದೀಪಗಳಲ್ಲಿ ಅರ್ಧ ಅರ್ಧ ಆಯಿತು. ಕ್ಯಾಬಿನ್ ಒಳಗಿನ ಓದುವ ದೀಪ, ಮೊಬೈಲ್ ಚಾರ್ಜರ್ ಎಲ್ಲ ಕಾರಿನವೇ ನಡೆಯುತ್ತವೆ. ಕೆಟ್ಟರೆ ಕತ್ತಲಲ್ಲಿ ಕೂರಬೇಕು, ಅಷ್ಟೇ. ಹೊರಗಿನ ಕೆಂಪು, ಹಸಿರು ದೀಪಗಳಿಗೆ ಕಾರಿನ ಎಲ್‌ಇಡಿ ಬಲ್ಬು ತುರುಕುವುದಕ್ಕೆ ನಾನು ಒಪ್ಪಲಿಲ್ಲ. ಸಮುದ್ರದ ನಿಯಮದಲ್ಲಿ 12 ಮೀಟರಿಗಿಂತ ಚಿಕ್ಕ ಬೋಟಿನ ಪಕ್ಕದ ದೀಪ 1 ನಾಟಿಕಲ್ ಮೈಲಿ, ಹಿಂದಿನ ದೀಪ 2 ನಾಟಿಕಲ್ ಮೈಲಿ ಕಾಣಬೇಕು. ಎಷ್ಟು ಡಿಗ್ರಿಯವರೆಗೆ ಕಾಣಬೇಕು ಅನ್ನುವುದಕ್ಕೂ ಗೆರೆ ಇದೆ. ಬಲ್ಬು ಬದಲಿಸಿದರೆ ಬಣ್ಣವೂ ಕೆಡಬಹುದು, ಗೆರೆಯೂ ಅಳಿಸಬಹುದು.

ಅಗ್ಗದ ಎಲ್‌ಇಡಿಯಿಂದ ಇನ್ನೊಂದು ಕಾಟ. ಕ್ಯಾಬಿನ್ನಿಗೆ ಅವನು ಅಂಟಿಸಿದ ಪಟ್ಟಿದೀಪ ಹಚ್ಚಿದ ಕೂಡಲೇ ವಿಎಚ್‌ಎಫ್ ರೇಡಿಯೋದಲ್ಲಿ ಸೊಂಯ್ ಅಂತ ಸದ್ದು. ಆರಿಸಿದರೆ ಸದ್ದಿಲ್ಲ. ಸಹಾಯಕ್ಕೆ ಕೂಗುವ 16ನೇ ಚಾನೆಲ್ಲಿನಲ್ಲೇ ಹೀಗಾದರೆ? ರೇಡಿಯೋದ ಗೊರಗೊರ ಅಡಗಿಸುವ ಸ್ಕ್ವೆಲ್ಚ್ ಪೂರ್ತಿ ಇಳಿಸಿ, ಒಂದೊಂದೇ ದೀಪ ಹಚ್ಚಿ ಕೇಳುತ್ತಾ ಹೋದೆವು. ಪಟ್ಟಿದೀಪ ಕಿತ್ತು ಬಂತು, ಉಳಿದವು ಪಾಸಾದವು.

ಕೊನೆಗೆ ಉಳಿದದ್ದು ಹಾರ್ನಿನ ರಿಲೇ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು. ಕಾರಿನ ಸಾಮಾನ್ಯ ಐದು ಕಾಲಿನ ರಿಲೇ ಸಾಕು ಅಂತ ಅವನು, ಸೀಲ್ ಆದದ್ದೇ ಬೇಕು ಅಂತ ನಾನು. ಎಂಜಿನ್ ಕೋಣೆಯಲ್ಲಿ ಬೇಡ ಅನ್ನುವುದಕ್ಕೆ ಇಬ್ಬರದೂ ಒಂದೇ ಮಾತು. ಸದ್ಯಕ್ಕೆ ಅವನ ರಿಲೇಯೇ ಕ್ಯಾಬಿನ್ನಿನ ಡ್ಯಾಶ್ ಹಿಂದೆ, ಕಾಲುಗಳು ಕೆಳಮುಖವಾಗಿ, ನೀರು ನಿಲ್ಲದ ಹಾಗೆ ಕೂತಿದೆ. ಪಕ್ಕದಲ್ಲಿ ಜಿಪ್ ಚೀಲದಲ್ಲಿ ಇನ್ನೊಂದು ಕಟ್ಟಿಟ್ಟಿದ್ದೇನೆ. ಅದು ಮೊದಲು ಕೆಡುತ್ತದಾ, ನಾನು ಮೊದಲು ಬದಲಿಸುತ್ತೇನಾ ಅಂತ ಅವನು ಆಗಾಗ ಫೋನ್ ಮಾಡಿ ಕೇಳುತ್ತಿರುತ್ತಾನೆ.