ಬಾಟಲಿಯೊಳಗೆ ಏನಿದೆ?

ಹೋದ ವರ್ಷ ಒಬ್ಬ ಸಂಶೋಧನಾ ವಿದ್ಯಾರ್ಥಿ ರಾತ್ರಿ ಬಸ್ಸು ಹತ್ತಿ ದಾವಣಗೆರೆಗೆ ಬಂದಿದ್ದ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಕಪ್ಪೆಚಿಪ್ಪಿನ ಮಾಂಸದ ಒಂದು ಚೂರು ಅವನಿಗೆ ಬೇಕಿತ್ತು, ಡಿಎನ್‌ಎ ತೆಗೆಯುವುದಕ್ಕೆ. ನಮ್ಮ ಪ್ರಾಣಿಶಾಸ್ತ್ರ ವಿಭಾಗದಿಂದ ಕಳಿಸಿದ್ದ ಪಟ್ಟಿಯಲ್ಲಿ ‘ಇಡೀ ಪ್ರಾಣಿ, 6’ ಅಂತ ಇತ್ತು. ಬೀರು ತೆಗೆದರೆ ಹತ್ತಿಯ ಮೇಲೆ ಚಿಪ್ಪಿನ ಆರು ಒಣ ಹೋಳು. ಮಾಂಸದ ಸುಳಿವೇ ಇಲ್ಲ. ಹುಡುಗ ಏನೂ ಅನ್ನಲಿಲ್ಲ. ನೀರು ಕುಡಿದು, ‘ಬರ್ತೀನಿ ಮೇಡಂ’ ಅಂದು ಹೊರಟ. ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನ ಆಗುತ್ತಿತ್ತೇನೋ.

ಅದಕ್ಕೇ ಈ ಜೂನ್‌ನಲ್ಲಿ ಮ್ಯೂಸಿಯಂ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಬಂದಾಗ ನಾನು ಹಟ ಹಿಡಿದೆ. ಮೊದಲು ಪದಗಳು ತೀರ್ಮಾನ ಆಗಲಿ, ಟೈಪಿಂಗ್ ಆಮೇಲೆ. ಒಂದು ಶನಿವಾರ ನಾಲ್ಕು ಜನ ಕೂತೆವು. ನಾನು, ಕೀಟಗಳನ್ನು ಓದಿಸುವ ಸರ್, ಲ್ಯಾಪ್‌ಟಾಪ್ ಮುಂದೆ ಎಂ.ಎಸ್ಸಿ. ಹುಡುಗಿ, ಮತ್ತೆ ನಮ್ಮ ಅಟೆಂಡರ್ ಅಣ್ಣ. ಪ್ರಾಣಿಗಳನ್ನಿಟ್ಟ ಬಾಟಲಿಗಳಿಗೆ, ಅವು ಕೆಡದಿರಲಿ ಅಂತ, ವರ್ಷಗಟ್ಟಲೆ ಸ್ಪಿರಿಟ್ ತುಂಬಿಸಿದವರು ಅವರೇ.

‘ಶೆಲ್ ಅಂದ್ರೆ ಶೆಲ್. ಅದರಲ್ಲಿ ಮಾತಾಡೋಕೆ ಏನಿದೆ?’ ಅಂದರು ಸರ್. ರಿಜಿಸ್ಟರಿನಲ್ಲಿ ‘ಚಿಪ್ಪು’ ಅಂತ ಬರೆದದ್ದನ್ನೆಲ್ಲ ಮೇಜಿನ ಮೇಲೆ ತಂದಿಡಲು ಅಣ್ಣನಿಗೆ ಹೇಳಿದೆ. ಬಸವನಹುಳುವಿನದು ಬಂತು. ಕಪ್ಪೆಚಿಪ್ಪು ಬಂತು. ಏಡಿಯ ಬೆನ್ನಿನ ಕವಚ ಬಂತು. ಕೊನೆಗೆ ಆಮೆಯದೂ ಬಂತು. ಆಮೆಯ ಚಿಪ್ಪು ಮೂಳೆ, ಪಕ್ಕೆಲುಬುಗಳೇ ಅದರಲ್ಲಿ ಬೆಸೆದುಕೊಂಡಿರುತ್ತವೆ. ಬಸವನಹುಳುವಿನದು ಸುಣ್ಣ. ಏಡಿಯದು ಕೈಟಿನ್ ಎಂಬ ಗಟ್ಟಿ ವಸ್ತು ಇರುವ ಹೊರಕವಚ. ಕನ್ನಡದಲ್ಲಿ ತೆಂಗಿನಕಾಯಿಗೂ ಚಿಪ್ಪೇ ಅಲ್ವಾ? ಮನೆಯಲ್ಲಿ ಅಷ್ಟು ಸಾಕು. ದೂರದಲ್ಲಿ ಕೂತು ಹುಡುಕುವವನಿಗೆ ಸಾಲದು. ಸರ್ ಸುಮ್ಮನೆ ಕುರ್ಚಿ ಹತ್ತಿರ ಎಳೆದುಕೊಂಡರು. ಅಲ್ಲಿಂದ ಕೆಲಸ ನಿಜವಾಗಿ ಶುರುವಾಯಿತು.

ಆ ಆರು ಹೋಳುಗಳನ್ನೇ ಮೊದಲು ತೆಗೆದುಕೊಂಡೆವು. ಕಪ್ಪೆಚಿಪ್ಪಿಗೆ ಎರಡು ಹೋಳು, ಆದ್ದರಿಂದ ಮೂರು ಪ್ರಾಣಿ ಅಂತ ಹುಡುಗಿ ಲೆಕ್ಕ ಹಾಕಿದಳು. ಅಣ್ಣ ಮಾತಾಡದೆ ಒಂದೊಂದನ್ನೇ ಕೈಗೆತ್ತಿಕೊಂಡು ಜೋಡಿಸಿ ನೋಡತೊಡಗಿದರು. ಈ ಹೋಳುಗಳ ಕೀಲಿನಲ್ಲಿ ಸಣ್ಣ ಏಣುಗಳಿರುತ್ತವೆ. ತನ್ನ ಜೋಡಿಯ ಜೊತೆ ಮಾತ್ರ ಅವು ಸರಿಯಾಗಿ ಕೂರುತ್ತವೆ. ಎರಡು ಜೋಡಿ ಟಪ್ ಅಂತ ಕೂತವು. ಉಳಿದ ಎರಡು ಎಷ್ಟು ತಿರುಗಿಸಿದರೂ ಕೂರಲಿಲ್ಲ. ‘ಎರಡೂ ಎಡಗಡೇವೇ ಅದಾವ್ರೀ ಮೇಡಂ.’ ಅಂದರೆ ಕಡಿಮೆ ಅಂದರೂ ನಾಲ್ಕು ಪ್ರಾಣಿ. ಪಟ್ಟಿ ಆರು ಅಂದಿತ್ತು, ನಮ್ಮ ಲೆಕ್ಕ ಮೂರು, ಚಿಪ್ಪು ಹೇಳಿದ್ದು ನಾಲ್ಕು. ಆ ಹೊತ್ತು ನನಗೆ ಮೈ ಜುಮ್ಮೆಂದಿತು. ಹೋಳುಗಳ ಎಣಿಕೆ ಬೇರೆ, ಪ್ರಾಣಿಗಳ ಎಣಿಕೆ ಬೇರೆ ಎಂದು ಎರಡು ಕಾಲಂ ಮಾಡಿದೆವು.

ಇನ್ನೊಂದು ಕಾಲಂ ಬಗ್ಗೆ ವಾದ ಜೋರಾಯಿತು. ಹಳೆಯ ರಿಜಿಸ್ಟರಿನಲ್ಲಿ ‘ಸ್ಪಿರಿಟ್ ಬಸವನಹುಳು’, ‘ಒಣ ಚೇಳು’, ‘ಸ್ಲೈಡ್’ ಎಂದೆಲ್ಲ ಬರೆದಿದ್ದಾರೆ. ಸ್ಪಿರಿಟ್ ದೇಹದ ಭಾಗವಲ್ಲ, ಇಟ್ಟ ರೀತಿ. 2009ರಲ್ಲಿ ಒಪ್ಪಿಗೆಯಾದ ಡಾರ್ವಿನ್ ಕೋರ್ ಎಂಬ ಮಾನದಂಡವನ್ನೇ ಜಗತ್ತಿನ ಬಹಳಷ್ಟು ಮ್ಯೂಸಿಯಂಗಳು ಮಾಹಿತಿ ಹಂಚಿಕೊಳ್ಳಲು ಬಳಸುತ್ತವೆ. ಅದರಲ್ಲೂ ‘ಪ್ರಿಪರೇಷನ್ಸ್’ ಎಂಬ ಒಂದೇ ಕಾಲಂನಲ್ಲಿ ತಲೆಬುರುಡೆಯೂ ಬರುತ್ತದೆ, ‘ಎಥನಾಲ್‌ನಲ್ಲಿಟ್ಟ ಇಡೀ ಪ್ರಾಣಿ’ಯೂ ಬರುತ್ತದೆ. ‘ಅವರೇ ಹಾಗೆ ಮಾಡಿದ್ದಾರಲ್ಲ’ ಅಂದರು ಸರ್. ಹೊರಗೆ ಕಳಿಸುವಾಗ ಭಾಗ, ಇಟ್ಟ ರೀತಿ ಎರಡನ್ನೂ ಸೇರಿಸಿ ಕಳಿಸೋಣ, ನಮ್ಮ ಹತ್ತಿರ ಬೇರೆ ಬೇರೆ ಇರಲಿ ಅಂದೆ. ಕೂಡಿಸೋದು ಸುಲಭ, ಕೂಡಿದ್ದನ್ನು ಬಿಡಿಸೋದು ಕಷ್ಟ. ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ದ್ರಾವಣದಲ್ಲಿ ಬಹಳ ದಿನ ಇದ್ದ ಮಾಂಸದಿಂದ ಒಳ್ಳೆಯ ಡಿಎನ್‌ಎ ಸಿಗುವುದು ಕಷ್ಟ. ‘ಮಾಂಸ ಇದೆ’ ಅಂತ ಮಾತ್ರ ಬರೆದರೆ ಇನ್ನೊಬ್ಬ ಹುಡುಗ ಸುಮ್ನೆ ಬಸ್ಸು ಹತ್ತಿ ಬರುತ್ತಾನೆ.

ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ ಬಂತು. ಬಾಟಲಿಗಳಿಂದ ದೂರ, ಹೊರಗೆ ವರಾಂಡದಲ್ಲಿ ತಿಂದೆವು.

ಆಮೇಲೆ ಚೇಳು. ಹುಡುಗಿ ‘ಬಾಲ’ ಅಂತ ಟೈಪ್ ಮಾಡಿದ್ದಳು. ಅದು ಬಾಲವಲ್ಲ, ಹೊಟ್ಟೆಯದೇ ಹಿಂದಿನ ಭಾಗ. ಕರುಳು ಅದರ ಕೊನೆಯವರೆಗೂ ಹೋಗುತ್ತದೆ. ತುದಿಯ ಕೊಂಡಿ ಮತ್ತೆ ಬೇರೆ. ಮುಂದಿನ ಇಕ್ಕಳಗಳನ್ನು ನೋಡಿದರೆ ಏಡಿಯ ಇಕ್ಕಳದ ಹಾಗೇ ಇವೆ. ಆದರೆ ಏಡಿಯದು ಅದರ ಮೊದಲ ಜೊತೆ ಕಾಲು, ಚೇಳಿನದು ಕಾಲೇ ಅಲ್ಲ. ಇಷ್ಟನ್ನೂ ಬರೆಯಲು ಹೊರಟರೆ ಮುಗಿಯುವುದಿಲ್ಲ. ಆಗ ಸರ್ ಒಳ್ಳೆಯ ದಾರಿ ಹೇಳಿದರು. ಚೇಳು ಇಡಿಯಾಗಿದ್ದರೆ ‘ಇಡೀ ಪ್ರಾಣಿ’ ಅಂತ ಬರೆದು ಬಿಟ್ಟುಬಿಡೋಣ. ಬೇರೆಯಾಗಿ ಇಟ್ಟ ಭಾಗಕ್ಕೆ ಮಾತ್ರ ಹೆಸರು. ಇಡೀ ದಿನದಲ್ಲಿ ನನಗೆ ತುಂಬಾ ಇಷ್ಟವಾದ ಮಾತು ಅದು.

ದೊಡ್ಡ ಆಫ್ರಿಕನ್ ಬಸವನಹುಳುವಿನ ಮುಂದೆ ಹುಡುಗಿ ‘ಮುಚ್ಚಳ ಕಳೆದಿದೆ’ ಎಂದು ಸೇರಿಸಲು ಹೊರಟಳು. ಕೆರೆಯ ಬಸವನಹುಳುವಿನ ಚಿಪ್ಪಿನ ಬಾಯಿಗೆ ಮುಚ್ಚಳ ಇದ್ದದ್ದನ್ನು ಆಗಷ್ಟೇ ನೋಡಿದ್ದಳು. ಅಣ್ಣನ ಊರು ಚನ್ನಗಿರಿ ಕಡೆ, ಅಡಿಕೆ ತೋಟದಲ್ಲಿ ಈ ಹುಳುವನ್ನು ಬುಟ್ಟಿಗಟ್ಟಲೆ ಆರಿಸಿದವರು. ‘ಕಳೆದಿಲ್ಲವ್ವ, ಇದಕ್ಕೆ ಮುಚ್ಚಳಾನೇ ಇರಲ್ಲ. ಬ್ಯಾಸಗ್ಯಾಗ ಲೋಳೆ ಒಣಗಿಸ್ಕೊಂಡು ಬಾಯಿ ಮುಚ್ಕೊಂತತಿ’ ಅಂದರು. ಜೇಡದ ಪೊರೆಯನ್ನೂ ಅವರೇ ಗುರುತಿಸಿದರು. ನಾವು ಅದನ್ನು ಸತ್ತ ಜೇಡ ಅಂತಲೇ ತಿಳಿದಿದ್ದೆವು. ಪೊರೆ ಬಿಟ್ಟ ಜೇಡ ಆಮೇಲೂ ಬದುಕಿ ಎಲ್ಲೋ ಹೋಗಿರುತ್ತದೆ! ಇಂಗ್ಲಿಷ್ ಹೆಸರಿನ ಪಕ್ಕ ಕನ್ನಡದ ಕಾಲಂ ಬೇಕೇ ಬೇಕು ಎಂದು ನಾನು ಪಟ್ಟು ಹಿಡಿದದ್ದು ಆಗಲೇ. ಪೊರೆ, ಕೊಂಡಿ, ಮುಚ್ಚಳ, ಹೋಳು. ಎಲ್ಲವೂ ಅಣ್ಣನ ಬಾಯಿಂದ ಬಂದವು.

ಹಳೆಯ ಚೀಟಿಗಳಲ್ಲಿ ಸೂಳೆಕೆರೆಯ ಮುಂದೆ ‘ಶಿವಮೊಗ್ಗ ಜಿಲ್ಲೆ’ ಎಂದಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಚನ್ನಗಿರಿ ಇತ್ತ ಬಂದದ್ದೂ ಆಗಲೇ. ಅದನ್ನು ತಿದ್ದಲಿಲ್ಲ. ಚೀಟಿಯಲ್ಲಿದ್ದ ಮಾತು ಇದ್ದ ಹಾಗೇ ಇರಲು ಒಂದು ಕಾಲಂ ಕೊಟ್ಟೆವು. ‘ಇಡೀ ಪ್ರಾಣಿ, 6’ ಕೂಡ ಅಲ್ಲೇ ಉಳಿಯಿತು.

ಸಂಜೆ ಮಳೆ ಹಿಡಿದಾಗ 41 ಸಾಲು ಮುಗಿದಿತ್ತು. ಮೊದಲ ಸಾಲನ್ನು ಆ ಹುಡುಗನಿಗೆ ಕಳಿಸಿದೆ: ‘ಹೋಳು 6. ಪ್ರಾಣಿ ಕನಿಷ್ಠ 4. ಒಣಗಿಸಿದ್ದು. ಮಾಂಸ ಇಲ್ಲ.’ ರಾತ್ರಿ ಉತ್ತರ ಬಂತು. ಬೇಸಿಗೆಯಲ್ಲಿ ನೀರು ಇಳಿದಾಗ ತಾನೇ ಸೂಳೆಕೆರೆಗೆ ಬರುತ್ತಾನಂತೆ, ನಮಗೂ ಒಂದು ಬಾಟಲಿ ಕೊಡುತ್ತಾನಂತೆ. ಸೋಮವಾರ ಅಣ್ಣ ಒಂದು ಖಾಲಿ ಬಾಟಲಿ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದ್ದರು.