ಕಡತ ತೆರೆಯಿತು, ಕನ್ನಡ ಬರಲಿಲ್ಲ

ನಮ್ಮ ಸಂಘದ ಹಳೆಯ ನಡಾವಳಿಗಳನ್ನು ನೋಡಿಕೊಳ್ಳುವ ಕೆಲಸ ಈಗ ನನ್ನದು. ಎಲ್ಲದಕ್ಕೂ ಬ್ಯಾಕಪ್ ಇದೆ ಎಂದು ಹಿಂದಿನ ಕಾರ್ಯದರ್ಶಿಗಳು ಹೇಳಿ ಒಪ್ಪಿಸಿದ್ದರು. ಅದು ನಿಜವೇ, ಒಂದು ಬೈಟ್ ಕೂಡ ಕಳೆದಿರಲಿಲ್ಲ. ಆದರೆ ತೆರೆದರೆ ಕಂಡದ್ದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ.

ಡಿಜಿಟಲ್ ದಾಖಲೆಗಳ ಬಗ್ಗೆ ಮಾತು ಬಂದರೆ ಎಲ್ಲರೂ ಬಿಬಿಸಿಯ 1986ರ ಡೋಮ್ಸ್‌ಡೇ ಯೋಜನೆಯ ಕಥೆ ಹೇಳುತ್ತಾರೆ: ಇಂಗ್ಲೆಂಡಿನ ಭೂಮಿ, ಆಸ್ತಿಗಳ ಲೆಕ್ಕ ಬರೆದ 1086ರ ಡೋಮ್ಸ್‌ಡೇ ಪುಸ್ತಕವನ್ನು ಇಂದಿಗೂ ಓದಬಹುದು, ಅದರ ನೆನಪಿಗೆ ಮಾಡಿದ ಲೇಸರ್ ಡಿಸ್ಕುಗಳನ್ನು ಓದುವ ಯಂತ್ರ ಮಾತ್ರ ಸಿಗುವುದೇ ಅಪರೂಪವಾಯಿತು. ನಮ್ಮ ತೊಂದರೆ ಇದಕ್ಕಿಂತ ಕುಟಿಲ. ಯಂತ್ರವಿದೆ, ತಂತ್ರಾಂಶವಿದೆ, ಕಡತವೂ ತಕರಾರಿಲ್ಲದೆ ತೆರೆಯುತ್ತದೆ.

ಹಳೆಯ ಕನ್ನಡ ಫಾಂಟ್‌ಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್. ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಮಾನಕವಾದ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು, ‘ಕ’ಕಾರಕ್ಕೆ ಅದರದೇ ಸಂಕೇತವಿತ್ತು. ಬಳಕೆಗೆ ಬಂದದ್ದು ಮಾತ್ರ ತಡವಾಗಿ. ನಡುವೆ ಟೈಪಾದದ್ದೆಲ್ಲ ಹೀಗೇ ಉಳಿದಿದೆ.

ಪಿಡಿಎಫ್ ಮಾಡಿಬಿಡಿ ಎಂಬ ಸಲಹೆ ತಪ್ಪದೆ ಬರುತ್ತದೆ. ದೀರ್ಘಕಾಲದ ಸಂಗ್ರಹಕ್ಕೆಂದೇ 2005ರಲ್ಲಿ ಪಿಡಿಎಫ್/ಎ ಎಂಬ ಅಂತರರಾಷ್ಟ್ರೀಯ ಮಾನಕ ಬಂತು. ಫಾಂಟ್ ಕಡತದೊಳಗೇ ಇರಬೇಕು, ಪಾಸ್‌ವರ್ಡ್ ಬೀಗ ಇರಬಾರದು ಎಂಬ ಅದರ ನಿಯಮಗಳು ಒಳ್ಳೆಯವೇ. ಆದರೆ ಅದರ ‘ಬಿ’ ಮಟ್ಟ ಭರವಸೆ ಕೊಡುವುದು ಪುಟದ ರೂಪಕ್ಕೆ ಮಾತ್ರ. ಪುಟ ಅಚ್ಚುಕಟ್ಟಾಗಿ ಕಾಣುತ್ತದೆ. ಒಂದು ಸಾಲನ್ನು ನಕಲಿಸಿ ಅಂಟಿಸಿದರೆ ಮತ್ತದೇ ಕಲಸುಮೇಲೋಗರ. ಸದಸ್ಯರ ಹೆಸರು ಹುಡುಕಿದರೆ ಸಿಗುವುದಿಲ್ಲ. ದೃಷ್ಟಿಯಿಲ್ಲದವರಿಗೆ ಓದಿ ಹೇಳುವ ತಂತ್ರಾಂಶವೂ ಅದನ್ನೇ ಒದರುತ್ತದೆ. ‘ಎ’ ಮಟ್ಟ ಮತ್ತು 2011ರಲ್ಲಿ ಬಂದ ‘ಯು’ ಮಟ್ಟಗಳು ಯೂನಿಕೋಡ್ ಹೊಂದಾಣಿಕೆಯನ್ನೂ ಕೇಳುತ್ತವೆ. ಪಿಡಿಎಫ್ ಮಾಡುವಾಗ ಇದನ್ನು ಗಮನಿಸುವವರನ್ನು ನಾನಂತೂ ಕಂಡಿಲ್ಲ.

ಹಾಗಾಗಿ ಪಠ್ಯವನ್ನೇ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಪರಿವರ್ತಿಸುತ್ತಿದ್ದೇನೆ. ಅರ್ಕಾವತ್ತು ಕಾಡುವುದು ಇಲ್ಲೇ. ‘ಧರ್ಮ’ ಎಂಬಲ್ಲಿ ಹಳೆಯ ಫಾಂಟ್ ಕಣ್ಣಿಗೆ ಕಂಡ ಕ್ರಮದಲ್ಲಿ ‘ಮ’ ಆದ ಮೇಲೆ ಅರ್ಕಾವತ್ತನ್ನು ಇಡುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು, ‘ಮ’ ಆಮೇಲೆ. ಪರಿವರ್ತಕ ಇದನ್ನು ಬಹುಮಟ್ಟಿಗೆ ಸರಿಪಡಿಸುತ್ತದೆ, ಒತ್ತಕ್ಷರವೂ ಜೊತೆಗೆ ಸೇರಿದರೆ ಕೆಲವೊಮ್ಮೆ ಎಡವುತ್ತದೆ. ನಡುವೆ ಇಂಗ್ಲಿಷಿನಲ್ಲೇ ಬರೆದ ಹೆಸರುಗಳನ್ನು ಕನ್ನಡವೆಂದು ತಿಳಿದು ಹಾಳುಗೆಡವುವುದೂ ಉಂಟು. ಕೊನೆಗೆ ಕಣ್ಣಿಟ್ಟು ಓದಲೇಬೇಕು. ಓದುತ್ತಾ ಹಳೆಯ ಜಗಳಗಳೆಲ್ಲ ಹೊರಬೀಳುತ್ತವೆ, ಬೇಸರವಾಗುವುದಿಲ್ಲ!

ಮೂಲ ಕಡತವನ್ನು ಮುಟ್ಟುವುದಿಲ್ಲ. ಪರಿವರ್ತಕ ಎಲ್ಲಿ ತಪ್ಪಿತೆಂದು ಮುಂದೆ ಯಾರಾದರೂ ನೋಡಬೇಕಾದರೆ ಅದೇ ಆಧಾರ. ಅದರ ಪಕ್ಕದಲ್ಲಿ ಯೂನಿಕೋಡ್ ಪಠ್ಯ, ಪುಟದ ರೂಪಕ್ಕೊಂದು ಪಿಡಿಎಫ್/ಎ, ಜೊತೆಗೆ ಪ್ರತಿಯೊಂದರ ಎಸ್‌ಎಚ್‌ಎ-256 ಮೊತ್ತ, ಅಂದರೆ ಕಡತದ ಬೈಟ್‌ಗಳಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ. ಈ ಮೊತ್ತ ಕಡತ ಬದಲಾಗಿಲ್ಲವೆಂದು ಹೇಳುತ್ತದೆಯೇ ಹೊರತು ಓದಲು ಬರುತ್ತದೆ ಎಂದಲ್ಲ.

ಹೊಸ ನಡಾವಳಿಗಳಿಗೆ ಒಂದು ಪರೀಕ್ಷೆ ಇಟ್ಟಿದ್ದೇನೆ. ಕಡತದ ಯಾವುದಾದರೂ ಸಾಲನ್ನು ನಕಲಿಸಿ ಸಾದಾ ಪಠ್ಯದ ಕಡತದಲ್ಲಿ ಅಂಟಿಸುತ್ತೇನೆ. ಕನ್ನಡ ಬಂದರೆ ಸ್ವೀಕರಿಸುತ್ತೇನೆ, ಬರದಿದ್ದರೆ ಕಳುಹಿಸಿದವರಿಗೇ ಹಿಂದಿರುಗಿಸುತ್ತೇನೆ. ಸಮಿತಿಯಲ್ಲಿ ಇದಕ್ಕಾಗಿ ಬೈಗುಳವೂ ಸಿಗುತ್ತಿದೆ. ಅದನ್ನೂ ಯೂನಿಕೋಡ್‌ನಲ್ಲೇ ದಾಖಲಿಸುತ್ತಿದ್ದೇನೆ.