ವೆಂಟಿಲೇಟರ್ ಕಲಿಯೋಕೆ ಬಂದ್ವಿ, ಪಂಪ್ ಹೊಡಿಯೋದು ಕಲಿಸ್ತಾ ಕೂತೀವಿ

ಪಿಯುಸಿ ರಿಸಲ್ಟ್ ಬಂದಾಗಿಂದ ನನ್ನ ಫೋನಿಗೆ ಬಿಡುವಿಲ್ಲ. ಸಿರುಗುಪ್ಪದಿಂದ, ಕುರುಗೋಡಿಂದ, ನಮ್ಮ ಸಂಬಂಧಿಕರು, ಅವರ ಪಕ್ಕದ ಮನೆಯವರು, ಎಲ್ಲರದೂ ಒಂದೇ ಮಾತು, "ಅಕ್ಕಾ, ನೀಟ್ ಆಗ್ಲಿಲ್ಲ, ನೀನ್ ಓದ್ತಿರೋದು ಅದೇನೋ ಉಸಿರಾಟದ ಕೋರ್ಸಂತಲ್ಲ, ಸೇರ್ಲಾ?" ಒಬ್ಬೊಬ್ಬರಿಗೂ ಅರ್ಧ ಅರ್ಧ ಗಂಟೆ ಹೇಳಿ ಗಂಟಲು ಒಣಗಿತು, ಅದಕ್ಕೆ ಬರ್ದೇ ಬಿಡ್ತೀನಿ, ಓದ್ಕೊಳ್ರಪ್ಪ.

ಕೋರ್ಸ್ ಹೆಸರು ಬಿಎಸ್ಸಿ ರೆಸ್ಪಿರೇಟರಿ ಕೇರ್ ಟೆಕ್ನಾಲಜಿ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ ಬರುತ್ತೆ, ಪಿಯುಸಿಯಲ್ಲಿ ಫಿಸಿಕ್ಸ್ ಕೆಮಿಸ್ಟ್ರಿ ಬಯಾಲಜಿ ಇರಬೇಕು, ಮೂರು ವರ್ಷ ಓದು ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. 2021ರಲ್ಲಿ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆ ಬಂದ ಮೇಲೆ ನಮ್ಮಂಥವರಿಗೂ ಒಂದು ರಾಷ್ಟ್ರೀಯ ಆಯೋಗ ಅಂತ ಆಗೈತೆ. ಇಷ್ಟೆಲ್ಲಾ ಮನೆಯಲ್ಲಿ ಹೇಳಿದ್ರೆ ಅಪ್ಪ "ಅಂದ್ರ ನರ್ಸಾ?" ಅಂತಾರೆ, ದೊಡ್ಡಪ್ಪ ಊರವರ ಮುಂದೆ "ಆಕ್ಸಿಜನ್ ಹಚ್ತಾಳ" ಅಂತಾರೆ. ಇಬ್ಬರಲ್ಲಿ ದೊಡ್ಡಪ್ಪನೇ ಸ್ವಲ್ಪ ಹತ್ರ ಇದಾರೆ ಅನ್ನಬೇಕು.

ಮೊದ್ಲು ಒಂದು ವಿಷಯ. ಬಯಾಲಜಿ ಚೆನ್ನಾಗಿ ಬರುತ್ತೆ ಫಿಸಿಕ್ಸ್ ಬರಲ್ಲ ಅದಕ್ಕೆ ಇದು ತಗೋತೀನಿ ಅಂತ ಬರೋರು ಬಹಳ ಜನ, ಅವರಿಗೆ ಇಲ್ಲಿ ಕಷ್ಟ ಐತೆ. ಪ್ರೆಶರ್, ಫ್ಲೋ, ವಾಲ್ಯೂಮ್, ಬಾಯ್ಲ್ ನಿಯಮ, ಡಾಲ್ಟನ್ ನಿಯಮ, ಪಿಯುಸಿಯಲ್ಲಿ ಬಿಟ್ಟು ಬಂದಿದ್ದೆಲ್ಲ ಇಲ್ಲಿ ಮತ್ತೆ ಎದುರಿಗೆ ಬಂದು ನಿಲ್ಲುತ್ತೆ, ಅದೂ ಪರೀಕ್ಷೆಗಲ್ಲ, ಪೇಷೆಂಟ್ ಪಕ್ಕದಲ್ಲಿ. ಒಂದು ಲೆಕ್ಕ ಹೇಳ್ತೀನಿ ನೋಡ್ರಿ. ಬಳ್ಳಾರಿಯಿಂದ ಬೆಂಗಳೂರಿಗೆ ಕೇಸ್ ರೆಫರ್ ಆಗೋದು ಹೊಸದೇನಲ್ಲ, ಸುಮಾರು 300 ಕಿಲೋಮೀಟರ್, ಆಂಬುಲೆನ್ಸಲ್ಲಿ ಆರು ತಾಸು ಹಿಡೀರಿ. ಪೇಷೆಂಟಿಗೆ ನಿಮಿಷಕ್ಕೆ 10 ಲೀಟರ್ ಆಕ್ಸಿಜನ್ ಬೇಕು. ಆಂಬುಲೆನ್ಸಲ್ಲಿ ಇಡೋ ಆ ಸಣ್ಣ ಕಪ್ಪು ಸಿಲಿಂಡರ್, ಬಿಳಿ ಭುಜದ್ದು, ನಾವು ಬಿ ಟೈಪ್ ಅಂತೀವಿ, ತುಂಬಿದ್ರೆ ಅದರಲ್ಲಿ ಸುಮಾರು 1500 ಲೀಟರ್ ಗ್ಯಾಸ್. ಅಂದ್ರೆ 150 ನಿಮಿಷ. ಎರಡೂವರೆ ತಾಸು. ಚಳ್ಳಕೆರೆ ದಾಟಿ ಹಿರಿಯೂರು ಆಜುಬಾಜು ಅದು ಖಾಲಿ. ಪೂರ್ತಿ ದಾರಿಗೆ 3600 ಲೀಟರ್ ಬೇಕು, ಹಂಗಾಗಿ ಮೂರು ಸಿಲಿಂಡರ್ ಬೇಕೇ ಬೇಕು, ಟ್ರಾಫಿಕ್ಕು ಪಂಕ್ಚರ್ ಅಂತ ಮೇಲೊಂದು. "ಸಿಲಿಂಡರ್ ಐತೆ ಹೊರಡ್ರಿ" ಅನ್ನೋದಕ್ಕೂ ಗೇಜ್ ನೋಡಿ ಲೆಕ್ಕ ಹಾಕಿ ಹೊರಡೋದಕ್ಕೂ ಇರೋ ವ್ಯತ್ಯಾಸ ಐತಲ್ಲ, ನಮ್ಮ ಕೆಲಸ ಅದು. ಇದಕ್ಕೆ ಬೇಕಾಗಿರೋದು ಬರೀ ಭಾಗಾಕಾರ.

ಆಕ್ಸಿಜನ್ ವಿಷಯ ಬಂತು ಅಂದ್ರೆ ನಮ್ಮ ಜಿಲ್ಲೆಯವರು ಎದೆ ಸೆಟೆಸಿ ಮಾತಾಡಬಹುದು. ತೋರಣಗಲ್ಲಿನ ಜಿಂದಾಲ್‌ನಲ್ಲಿ ಸ್ಟೀಲ್ ಮಾಡೋಕೆ ಆಕ್ಸಿಜನ್ ಬೇಕು, ಗಾಳಿನ ತಣ್ಣಗೆ ಮಾಡಿ ಮಾಡಿ ದ್ರವ ಆಗಿಸಿ ಬೇರೆ ಮಾಡ್ತಾರೆ, ಮೈನಸ್ 183 ಡಿಗ್ರಿ ಲೆಕ್ಕ, ಒಂದು ಲೀಟರ್ ದ್ರವ ಬಿಚ್ಚಿಕೊಂಡ್ರೆ ಸುಮಾರು 860 ಲೀಟರ್ ಗ್ಯಾಸ್ ಆಗುತ್ತೆ. 2021ರ ಎರಡನೇ ಅಲೆಯಲ್ಲಿ ಟ್ಯಾಂಕರ್‌ಗಳು ಅಲ್ಲಿಂದಲೇ ಹೋಗ್ತಿದ್ವು, ಫ್ಯಾಕ್ಟರಿ ಪಕ್ಕದಲ್ಲೇ 1000 ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಕಟ್ಟಿ ಪ್ಲಾಂಟಿಂದ ಸೀದಾ ಪೈಪಲ್ಲೇ ಆಕ್ಸಿಜನ್ ಕೊಟ್ರು. ಆಗ ನಾನಿನ್ನೂ ಹೈಸ್ಕೂಲು, ಟಿವಿ ನೋಡಿದ್ದಷ್ಟೇ. ನಮ್ಮ ಬ್ಯಾಚಲ್ಲಿ ಈ ಕೋರ್ಸಿಗೆ ಬಂದೋರಲ್ಲಿ ಅರ್ಧ ಜನ ಆ ಟಿವಿ ನೋಡಿನೇ ಬಂದೋರು ಅಂತ ನನಗೆ ಗುಮಾನಿ.

ಎಲ್ಲರಿಗೂ ಆಸೆ ಇರೋದು ವೆಂಟಿಲೇಟರ್ ಮೇಲೆ. ನನಗೂ. ಸ್ಕ್ರೀನ್ ಮೇಲೆ ಗೆರೆ ಓಡೋದು, ಅಲಾರಾಂ, ಮೋಡ್‌ಗಳು, ಅದರ ಮುಂದೆ ನಿಂತ್ಕೊಂಡ್ರೆ ಪೈಲಟ್ ಥರ ಅನ್ಸುತ್ತೆ. ಆದ್ರೆ ಅಲ್ಲೂ ಮೊದ್ಲು ಕಲಿಸೋದು ಟೇಪ್ ಹಿಡಿಯೋದು. ಹೌದು, ದರ್ಜಿ ಟೇಪು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋರ ಮನೆ ಮನೆಯಲ್ಲಿರುತ್ತಲ್ಲ ಅದೇ. ಯಾಕಂದ್ರೆ ಒಂದೊಂದು ಉಸಿರಿಗೆ ಎಷ್ಟು ಗಾಳಿ ಕೊಡಬೇಕು ಅನ್ನೋದು ಪೇಷೆಂಟಿನ ತೂಕದ ಮೇಲಲ್ಲ, ಎತ್ತರದ ಮೇಲೆ ನಿಂತೈತೆ. ಮನುಷ್ಯ ದಪ್ಪ ಆದ್ರೆ ಹೊಟ್ಟೆ ಬೆಳೆಯುತ್ತೆ, ಶ್ವಾಸಕೋಶ ಬೆಳೆಯಲ್ಲ. 165 ಸೆಂಟಿಮೀಟರ್ ಎತ್ತರದ ಗಂಡಸು, ತೂಕ 92 ಕೆಜಿ ಇರ್ಲಿ 55 ಇರ್ಲಿ, ಎತ್ತರದಿಂದ ತೆಗೆಯೋ ಸೂತ್ರದ ಪ್ರಕಾರ ಅವನ ಲೆಕ್ಕದ ತೂಕ ಸುಮಾರು 61.5 ಕೆಜಿ, ಕೆಜಿಗೆ 6 ಎಂಎಲ್ ಅಂದ್ರೆ ಹತ್ತಿರ ಹತ್ತಿರ 370 ಎಂಎಲ್. ತಕ್ಕಡಿ ತೂಕ ನೋಡಿ 92ಕ್ಕೆ ಗುಣಿಸಿದ್ರೆ 550 ದಾಟುತ್ತೆ, ಮೊದ್ಲೇ ಹಾಳಾಗಿರೋ ಶ್ವಾಸಕೋಶ ಇನ್ನಷ್ಟು ಹರೀತದೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ 861 ಜನ ಎಆರ್‌ಡಿಎಸ್ (ಶ್ವಾಸಕೋಶಕ್ಕೆ ನೀರು ತುಂಬಿ ಉಸಿರು ಸಾಲದಂಗಾಗೋ ಸ್ಥಿತಿ) ರೋಗಿಗಳ ಮೇಲೆ ಮಾಡಿದ ಅಧ್ಯಯನ ಬಂತು, ಕೆಜಿಗೆ 12 ಎಂಎಲ್ ಕೊಟ್ಟವರಲ್ಲಿ ನೂರಕ್ಕೆ ಸುಮಾರು 40 ಜನ ಹೋದ್ರು, 6 ಕೊಟ್ಟವರಲ್ಲಿ 31. ಹೊಸ ಔಷಧ ಅಲ್ಲ, ಹೊಸ ಮಷಿನ್ ಅಲ್ಲ, ಗಾಳಿ ಕಮ್ಮಿ ಕೊಟ್ಟಿದ್ದಕ್ಕೆ ಅಷ್ಟು ಜೀವ ಉಳೀತು. ಇದು ಓದಿದ ದಿವಸ ನಾನು ಹಾಸ್ಟೆಲ್ಲಲ್ಲಿ ಸಿಕ್ಕಸಿಕ್ಕವರ ಎತ್ತರ ಅಳೆದು ಎಂಎಲ್ ಹೇಳಿದೀನಿ.

ಇನ್ನೊಂದು ಕಥೆ ಹೇಳಲೇಬೇಕು, ಕ್ಲಾಸಲ್ಲಿ ಒಂದೇ ಸಾಲಲ್ಲಿ ಮುಗಿಸಿಬಿಟ್ರು ನನಗೆ ಹೊಟ್ಟೆ ಉರೀತು. 1952, ಡೆನ್ಮಾರ್ಕಿನ ಕೋಪನ್‌ಹೇಗನ್, ಪೋಲಿಯೋ ಹಬ್ಬಿಬಿಟ್ಟೈತೆ, ಬ್ಲೆಗ್‌ಡಾಮ್ ಅನ್ನೋ ಆಸ್ಪತ್ರೆ. ಉಸಿರಾಟದ ಸ್ನಾಯು ಬಿದ್ದುಹೋದ ಮಕ್ಕಳು ದಿನಾ ಬರ್ತಿದಾರೆ, ಇರೋದು ಒಂದು ಐರನ್ ಲಂಗು (ಕುತ್ತಿಗೆವರೆಗೂ ಒಳಗೆ ಮಲಗಿಸಿ ಉಸಿರಾಡಿಸೋ ದೊಡ್ಡ ಡಬ್ಬಿ ಯಂತ್ರ), ಎದೆಗೆ ಕಟ್ಟೋ ಆರು ಸಣ್ಣ ಯಂತ್ರ, ಅಷ್ಟೇ. ಉಸಿರು ನಿಂತವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಜನ ಉಳೀತಿರಲಿಲ್ಲ. ಬ್ಯೋರ್ನ್ ಇಬ್ಸನ್ ಅಂತ ಅನಸ್ತೇಷಿಯಾ ಡಾಕ್ಟರು, ಆಗಸ್ಟ್ ತಿಂಗಳಲ್ಲಿ 12 ವರ್ಷದ ಒಂದು ಹುಡುಗಿಗೆ ಗಂಟಲಿಗೆ ತೂತು ಮಾಡಿಸಿ ಟ್ಯೂಬ್ ಹಾಕಿ ರಬ್ಬರ್ ಚೀಲ ಒತ್ತಿ ಒತ್ತಿ ಉಸಿರು ಕೊಟ್ರು, ಹುಡುಗಿ ಉಳಿದ್ಲು. ಸರಿ, ಉಳಿದ ಮಕ್ಕಳಿಗೆ? ಮಷಿನ್ ಇಲ್ಲ. ಮೆಡಿಕಲ್ಲು ಡೆಂಟಲ್ಲು ಓದೋ ಹುಡುಗ್ರನ್ನ ಕರೆಸಿದ್ರು, ಸುಮಾರು 1500 ಜನ, ಪಾಳಿ ಮೇಲೆ ಕೂತು, ಹಗಲೂ ರಾತ್ರಿ, ತಿಂಗಳುಗಟ್ಟಲೆ ಕೈಯಲ್ಲೇ ಚೀಲ ಒತ್ತಿದ್ರು. ಸಾವು ನೂರಕ್ಕೆ ಇಪ್ಪತ್ತೈದರ ಆಸುಪಾಸಿಗೆ ಇಳೀತು. ಐಸಿಯು ಅನ್ನೋದು ಹುಟ್ಟಿದ್ದೇ ಅಲ್ಲಿಂದ ಅಂತಾರೆ. ನಾವು ದಿನಾ ಕೈಯಲ್ಲಿ ಒತ್ತಿ ಉಸಿರು ಕೊಡೋ ಆಂಬು ಬ್ಯಾಗು ಬಂದಿದ್ದೂ ಅದೇ ಡೆನ್ಮಾರ್ಕಿಂದ, 1956ರಲ್ಲಿ. ಆ ಹುಡುಗ್ರು ನಮ್ಮ ವಯಸ್ಸಿನವರೇ, ನಾವು ಒಂದು ನೈಟ್ ಡ್ಯೂಟಿಗೆ ಸ್ಟೇಟಸ್ ಹಾಕ್ತೀವಿ.

ಕಟ್ಟು ಹಾವು ಕಚ್ಚಿದ ಕೇಸೂ ಹಂಗೇ. ಮಳೆಗಾಲದಲ್ಲಿ ಹೊಲದ ಮನೆಯಲ್ಲಿ ನೆಲದ ಮೇಲೆ ಮಲಗಿರ್ತಾರೆ, ಕಚ್ಚಿದ್ದು ಗೊತ್ತೇ ಆಗಲ್ಲ, ನೋವಿಲ್ಲ ಬಾವಿಲ್ಲ, ಬೆಳಿಗ್ಗೆ ರೆಪ್ಪೆ ಎತ್ತೋಕಾಗಲ್ಲ, ಆಮೇಲೆ ಉಸಿರು. ಶ್ವಾಸಕೋಶ ಗಟ್ಟಿಮುಟ್ಟಾಗೇ ಐತೆ, ಅದನ್ನ ಎಳೆಯೋ ಸ್ನಾಯು ಕೆಲಸ ಬಿಟ್ಟೈತೆ. ಟೈಮಿಗೆ ಬಂದು, ಔಷಧಿ ಕೊಟ್ಟು, ವಿಷ ಇಳಿಯೋವರೆಗೂ ಮಷಿನ್ ಉಸಿರಾಡಿಸಿದ್ರೆ ಮನುಷ್ಯ ನಡ್ಕೊಂಡು ಮನೆಗೆ ಹೋಗ್ತಾನೆ. ವೆಂಟಿಲೇಟರ್ ಮೇಲೆ ಹಾಕಿದ್ರೆ ಮುಗೀತು ಅಂತ ನಮ್ಮ ಜನ ನಂಬ್ಕೊಂಡು ಕೂತವ್ರಲ್ಲ, ಅಂಥವರಿಗೆ ಇದನ್ನ ತೋರಿಸಬೇಕು.

ಇಷ್ಟೆಲ್ಲಾ ಹೇಳಿದ ಮೇಲೂ ನನ್ನ ಅಭಿಪ್ರಾಯ ಏನಪ್ಪ ಅಂದ್ರೆ, ನಮ್ಮ ಕಡೆಗೆ ವೆಂಟಿಲೇಟರಿಗಿಂತ ಜಾಸ್ತಿ ಬೇಕಾಗಿರೋದು ಒಪಿಡಿಯಲ್ಲಿ ಕೂತು ಇನ್‌ಹೇಲರ್, ಅಂದ್ರೆ ಪಂಪ್, ಹೊಡಿಯೋದು ಕಲಿಸೋರು. ಸಿಲೆಬಸ್ಸಲ್ಲಿ ಅದಕ್ಕೆ ಸಿಗೋ ಜಾಗ ಸಣ್ಣದು, ಹುಡುಗ್ರಿಗೂ ಅದು ಬೋರು. ಆದ್ರೆ ಸುತ್ತ ನೋಡ್ರಿ. ಸಂಡೂರು ಕಡೆ ಅದಿರಿನ ಧೂಳು, ಬಳ್ಳಾರಿ ಕೊಪ್ಪಳ ಸುತ್ತ ಸ್ಪಾಂಜ್ ಐರನ್ ಫ್ಯಾಕ್ಟರಿ, ಸಿರುಗುಪ್ಪ ಗಂಗಾವತಿಯಲ್ಲಿ ರೈಸ್ ಮಿಲ್ಲು, ರಾಯಚೂರಲ್ಲಿ ಹತ್ತಿ ಜಿನ್ನಿಂಗು, ಶಕ್ತಿನಗರದ ಥರ್ಮಲ್ ಪ್ಲಾಂಟಿನ ಬೂದಿ, ಇದರ ಮೇಲೆ ಬೀಡಿ, ಹೆಂಗಸ್ರಿಗೆ ಕಟ್ಟಿಗೆ ಒಲೆ. ಉಬ್ಬಸ ಇಲ್ಲದ ಓಣಿ ಇಲ್ಲ. ಇವರಲ್ಲಿ ಐಸಿಯುಗೆ ಬರೋರು ಕೆಲವರು, ಆದ್ರೆ ಪಂಪ್ ಸರಿಯಾಗಿ ತಗೊಂಡಿದ್ರೆ ಆ ಕೆಲವರಲ್ಲೂ ಎಷ್ಟೋ ಜನ ಬರ್ತಿರಲಿಲ್ಲ.

ಪಂಪ್ ಅಂದ್ರೆ ಒತ್ತೋದು ಎಳಿಯೋದು ಅಷ್ಟೇ ಅಲ್ವಾ ಅಂತೀರಿ. ಅಲ್ಲ. ಒತ್ತೋ ಪಂಪಾದ್ರೆ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಒತ್ತುತಾ ನಿಧಾನಕ್ಕೆ ಎಳೀಬೇಕು, ಹತ್ತು ಎಣಿಸೋವರೆಗೂ ಹಿಡೀಬೇಕು. ಕ್ಯಾಪ್ಸೂಲ್ ಹಾಕಿ ತಿರುಗಿಸೋ ರೋಟಾಹೇಲರ್ ಆದ್ರೆ ಉಲ್ಟಾ, ಜೋರಾಗಿ ಒಂದೇ ದಮ್ಮಿಗೆ ಎಳೀಬೇಕು. ಡಾಕ್ಟರ್ ಒಂದು ಬದಲಾಯಿಸಿ ಇನ್ನೊಂದು ಬರೆದಿರ್ತಾರೆ, ಮೆಡಿಕಲ್ ಶಾಪಲ್ಲಿ ಕವರಲ್ಲಿ ಹಾಕಿ ಕೊಟ್ಟಿರ್ತಾರೆ, ಪಾಪ ಅವರು ಹಳೇ ರೀತಿಲೇ ಎಳೀತಾರೆ, ಅರ್ಧ ಪುಡಿ ಅಲ್ಲೇ ಉಳಿಯುತ್ತೆ. ಕ್ಯಾಪ್ಸೂಲ್‌ನ ನೀರಲ್ಲಿ ನುಂಗಿದವರನ್ನೂ ನೋಡಿದೀನಿ. ಒತ್ತೋ ಪಂಪಿಗೆ ಸ್ಪೇಸರ್ ಅಂತ ಒಂದು ಪ್ಲಾಸ್ಟಿಕ್ ಡಬ್ಬಿ ಜೋಡಿಸಿಬಿಟ್ರೆ ಒತ್ತೋದು ಎಳಿಯೋದು ಹೊಂದಾಣಿಕೆ ಮಾಡೋ ತಾಪತ್ರಯ ಬಹಳ ಕಮ್ಮಿ, ವಯಸ್ಸಾದವರಿಗೆ ಮಕ್ಕಳಿಗೆ ಅದು ಕೊಡಿಸ್ರಿ ಅಂತ ಬಡ್ಕೋತೀನಿ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಭಯ. "ಪಂಪ್ ಶುರು ಮಾಡಿದ್ರ ಬಿಡಾಕ ಆಗಂಗಿಲ್ಲವ್ವಾ, ಚಟ ಬೀಳ್ತದ, ಗುಳಿಗಿ ಬರ್ದುಕೊಡು" ಅಂತ ಒಬ್ರು ತಾತ, ರೈಸ್ ಮಿಲ್ಲಲ್ಲಿ ಹಮಾಲಿ ಮಾಡಿದವರು, ಮೂಟೆ ಹೊತ್ತು ಹೊತ್ತು ಭುಜ ಒಂದು ಕಡೆ ಇಳಿದಿತ್ತು. ನಾನಂದೆ, "ತಾತಾ, ನೀವು ನುಂಗೋ ಸಾಲ್ಬುಟಮಾಲ್ ಗುಳಿಗಿಯಾಗ 4 ಮಿಲಿಗ್ರಾಂ ಐತಿ, ಈ ಪಂಪ್ ಒಂದ್ಸಲ ಒತ್ತಿದ್ರ 100 ಮೈಕ್ರೋಗ್ರಾಂ, ಅಂದ್ರ ನಿಮ್ಮ ಒಂದು ಗುಳಿಗಿ ನಲವತ್ತು ಸಲ ಒತ್ತಿದಂಗ, ಅದೂ ಹೊಟ್ಟಿಗೆ ಹೋಗಿ ರಕ್ತದಾಗ ಸುತ್ತಿ ಕೈ ನಡುಗಿಸಿ ಆಮೇಲೆ ಎದಿಗೆ ಬರ್ತದ, ಇದು ಸೀದಾ ಎದಿಗೇ ಹೋಗ್ತದ." ತಾತ ಸ್ವಲ್ಪ ಹೊತ್ತು ಲೆಕ್ಕ ಹಾಕಿ "ನಲವತ್ತಾ?" ಅಂದ್ರು. ಮಿಲ್ಲಲ್ಲಿ ಮೂಟೆ ಎಣಿಸಿದವರಿಗೆ ಲೆಕ್ಕ ಹೇಳಿದ್ರೆ ಬೇಗ ತಿಳಿಯುತ್ತೆ. ಸ್ಟಿರಾಯ್ಡ್ ಇರೋ ಪಂಪ್ ಆದ್ರೆ ಆಮೇಲೆ ಬಾಯಿ ಮುಕ್ಕಳಿಸಿ ಉಗೀರಿ ಅಂತ ಹೇಳಿ ಕಳಿಸಿದೆ, ಇಲ್ಲಾಂದ್ರೆ ನಾಲಿಗೆ ಮೇಲೆ ಬಿಳಿ ಕಟ್ಟುತ್ತೆ.

ಮೃಗಶಿರ ಮಳೆ ಕೂಡೋ ಹೊತ್ತಿಗೆ ಕೊಪ್ಪಳದ ಹತ್ರ ಕುಟಕನಹಳ್ಳಿಯಲ್ಲಿ ಅಸ್ತಮಾಕ್ಕೆ ಔಷಧಿ ಕೊಡ್ತಾರೆ, ಕೆಲವರು ಹೈದರಾಬಾದಿಗೆ ಔಷಧಿ ಇಟ್ಟ ಜೀವಂತ ಮೀನು ನುಂಗೋಕೆ ಹೋಗ್ತಾರೆ. ನಮ್ಮ ಕ್ಲಾಸಲ್ಲಿ ಕೆಲವರು ಇದನ್ನ ಕೇಳಿ ನಗ್ತಾರೆ, ನನಗೆ ನಗು ಬರಲ್ಲ, ನಕ್ಕರೆ ಆ ಪೇಷೆಂಟ್ ನಮ್ಮ ಹತ್ರ ಇನ್ನೊಂದು ಸಲ ಬಾಯಿ ಬಿಡಲ್ಲ. ಅದರಿಂದ ಅಸ್ತಮಾ ಹೋಗುತ್ತೆ ಅಂತ ನಾನು ಒಪ್ಪಲ್ಲ, ಆದ್ರೆ ಹೇಳೋದು ಇಷ್ಟೇ, ಹೋಗ್ರಿ, ಪಂಪ್ ಮಾತ್ರ ಜೇಬಲ್ಲಿ ಇರ್ಲಿ, ವಾಪಸ್ ಬಂದ ಮೇಲೂ ಬಿಡಬೇಡ್ರಿ.

ಊದಿಸಿ ಶ್ವಾಸಕೋಶದ ಶಕ್ತಿ ಅಳೆಯೋ ಸ್ಪೈರೋಮೆಟ್ರಿ ರೂಮು ಇನ್ನೊಂದು ಮಜಾ. ಪೈಪ್ ಕಚ್ಚಿಕೊಂಡು ಎದೆ ತುಂಬ ಎಳೆದು ಒಮ್ಮೆಲೇ ಊದಿ, ಆರು ಸೆಕೆಂಡ್ ಆದ್ರೂ ಊದ್ತಾನೇ ಇರಬೇಕು, ಪಕ್ಕದಲ್ಲಿ ನಾವು ಜಾತ್ರೆ ಥರ ಕೂಗ್ತಿರ್ತೀವಿ, ಊದ್ರಿ ಊದ್ರಿ ಊದ್ರಿ ಇನ್ನಾ ಊದ್ರಿ, ತೆಲುಗಿನವರು ಬಂದ್ರೆ ತೆಲುಗಲ್ಲಿ, ಕೌಲ್ ಬಜಾರಿಂದ ಬಂದ್ರೆ ಉರ್ದುವಲ್ಲಿ. ಮೊದಲನೇ ಸೆಕೆಂಡಲ್ಲಿ ಹೊರಗೆ ಬಂದ ಗಾಳಿನ ಒಟ್ಟು ಗಾಳಿಗೆ ಭಾಗಿಸ್ತೀವಿ, ಔಷಧಿ ಕೊಟ್ಟ ಮೇಲೂ 0.70ಕ್ಕಿಂತ ಕಮ್ಮಿ ಬಂದ್ರೆ ಕೊಳವೆ ಕಿರಿದಾಗೈತೆ ಅಂತ, ಸಿಒಪಿಡಿ (ಹೊಗೆ ಧೂಳಿನಿಂದ ಬರೋ ದೀರ್ಘಕಾಲದ ಉಬ್ಬಸ) ಕಡೆ ಯೋಚನೆ ಹೋಗುತ್ತೆ. ಬೀಡಿ ಮುಟ್ಟಿಲ್ಲದ ಒಬ್ರು ಅಜ್ಜಿ ಮೂರನೇ ಸಲ ಊದಿಸಿದಾಗ ಪೈಪ್ ತೆಗೆದು ನನ್ನ ಮುಖ ನೋಡಿ, "ಒಲಿ ಊದಿ ಊದಿನ ಹಿಂಗಾಗೀನಿ, ಇನ್ನೆಷ್ಟ್ ಊದಸ್ತೀಯೇ ತಾಯೀ" ಅಂದ್ರು. ಡಯಾಗ್ನೋಸಿಸ್ ಅವರೇ ಹೇಳಿಯಾಯ್ತು, ರಿಪೋರ್ಟ್ ಆಮೇಲೆ ಬಂತು.

ಕೆಲಸ ಸಿಗುತ್ತಾ ಅಂತ ಕೇಳ್ತೀರಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಐಸಿಯು, ಹಸುಗೂಸುಗಳ ಎನ್‌ಐಸಿಯು, ಶ್ವಾಸಕೋಶ ಪರೀಕ್ಷೆಯ ಪಿಎಫ್‌ಟಿ ಲ್ಯಾಬು, ನಿದ್ದೆ ಪರೀಕ್ಷೆಯ ಸ್ಲೀಪ್ ಲ್ಯಾಬು, ಮನೆಗೆ ಹೋಗಿ ಬೈಪ್ಯಾಪ್ (ಮಾಸ್ಕ್ ಹಾಕಿ ಉಸಿರಿಗೆ ಒತ್ತು ಕೊಡೋ ಮಷಿನ್) ನೋಡ್ಕೊಳ್ಳೋ ಹೋಂಕೇರು, ಅಲ್ಲೆಲ್ಲಾ ನಮ್ಮವರು ಇದಾರೆ. ಗಲ್ಫಿಗೆ ಹೋಗೋರು ಅಲ್ಲಿನ ಲೈಸೆನ್ಸ್ ಪರೀಕ್ಷೆ ಬರೆದು ಹೋಗ್ತಾರೆ. ಅಮೆರಿಕ ಕನಸು ಇದ್ರೆ ಮೊದಲೇ ತಿಳ್ಕೊಳ್ರಿ, ಅಲ್ಲಿ ಆರ್‌ಆರ್‌ಟಿ (ನೋಂದಾಯಿತ ರೆಸ್ಪಿರೇಟರಿ ಥೆರಪಿಸ್ಟ್) ಆಗೋಕೆ ಸಾಮಾನ್ಯವಾಗಿ ಅಲ್ಲಿನ ಕೋಆರ್ಕ್ ಅನ್ನೋ ಸಂಸ್ಥೆ ಮಾನ್ಯತೆ ಇರೋ ಕೋರ್ಸೇ ಮಾಡಿರಬೇಕು, ಇಲ್ಲಿನ ಡಿಗ್ರಿ ಹಿಡ್ಕೊಂಡು ಸೀದಾ ಹೋಗೋಕಾಗಲ್ಲ, ಏಜೆಂಟರು ಇದನ್ನ ಹೇಳಲ್ಲ. ನಮ್ಮ ಕಡೆ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಈ ಪೋಸ್ಟೇ ಇಲ್ಲ, ಸಿಸ್ಟರ್ರೋ ಓಟಿ ಟೆಕ್ನಿಷಿಯನ್ನೋ ಸಂಭಾಳಿಸ್ತಾರೆ, ಅವರಿಗೂ ಮೈತುಂಬ ಕೆಲಸ. ಅದಕ್ಕೇ ಓದು ಮುಗಿಸಿದವರು ಹಂಪಿ ಎಕ್ಸ್‌ಪ್ರೆಸ್ ಹತ್ತಿಬಿಡ್ತಾರೆ, ಬೈಯೋಕೂ ಆಗಲ್ಲ.

ನಾನೇನ್ ಮಾಡ್ತೀನಿ ಅಂದ್ರೆ, ಇಂಟರ್ನ್‌ಶಿಪ್ ಆದ ಮೇಲೆ ಬೆಂಗಳೂರಲ್ಲಿ ಸ್ವಲ್ಪ ವರ್ಷ ಐಸಿಯು ಮಾಡಿ ಕೈ ಪಳಗಿಸಿಕೊಂಡು ವಾಪಸ್ ಬಂದು ಯಾವುದಾದರೂ ಚೆಸ್ಟ್ ಡಾಕ್ಟರ್ ಹತ್ರ ಸ್ಪೈರೋಮೆಟ್ರಿ ರೂಮು ನೋಡ್ಕೊಳ್ಳೋ ಆಸೆ ಐತೆ. ಅಮ್ಮ "ಅಷ್ಟೊತ್ತಿಗೆ ಮದುವಿ ಆಗಿರ್ತದ ಬಿಡು" ಅಂತಾಳೆ, ಅದು ಬೇರೆ ಚರ್ಚೆ.

ಸೇರೋರು ಸೇರ್ರಿ. ಕಾಲೇಜಿಗೆ ರಾಜೀವ್ ಗಾಂಧಿ ಯೂನಿವರ್ಸಿಟಿ ಮಾನ್ಯತೆ ಐತಾ, ಪೋಸ್ಟಿಂಗಿಗೆ ಸ್ವಂತ ಆಸ್ಪತ್ರೆ ಐತಾ, ಅಲ್ಲಿ ಐಸಿಯು ನಿಜವಾಗ್ಲೂ ನಡೀತೈತಾ ಅಂತ ಹೋಗಿ ಕಣ್ಣಾರೆ ನೋಡಿ ಫೀಸ್ ಕಟ್ರಿ, ಸೀನಿಯರ್‌ಗಳನ್ನ ಕ್ಯಾಂಟೀನಲ್ಲಿ ಹಿಡಿದು ಕೇಳ್ರಿ, ಆಫೀಸಲ್ಲಲ್ಲ. ಮತ್ತೆ ಪಿಯುಸಿ ಫಿಸಿಕ್ಸ್ ಪುಸ್ತಕ ರದ್ದಿಗೆ ಹಾಕಬೇಡ್ರಿ, ಹಾಕಿದ್ರೆ ನನ್ನ ಹತ್ರ ಕೇಳೋಕೆ ಬರ್ತೀರಿ, ನಂದು ಈಗಾಗಲೇ ಇಬ್ಬರು ಜೂನಿಯರ್‌ಗಳ ಕೈಯಲ್ಲಿ ಐತೆ.